ಪ್ರವಾಸೋದ್ಯಮ: ಊರಿಗೋ, ಉಳ್ಳವರಿಗೋ?

ಗದಗ ಜಿಲ್ಲೆಯ ಯಾವ ಸಭೆಗೆ ಹೋದರೂ ಈಗ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಪ್ರವಾಸೋದ್ಯಮ. ಮಳೆ ಕೈಕೊಟ್ಟಿತೇ, ಪ್ರವಾಸೋದ್ಯಮ. ಉಳ್ಳಾಗಡ್ಡಿಗೆ ಬೆಲೆ ಇಲ್ಲವೇ, ಪ್ರವಾಸೋದ್ಯಮ. ಡಿಗ್ರಿ ಮುಗಿಸಿದ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿರುವನೇ, ಅವನಿಗೂ ಪ್ರವಾಸೋದ್ಯಮವೇ ಮದ್ದು. ನಮ್ಮ ಗದಗಿನ ಶಾಸಕರಾದ ಶ್ರೀ ಎಚ್. ಕೆ. ಪಾಟೀಲರು 2023ರ ಮೇ ತಿಂಗಳಲ್ಲಿ ಈ ಖಾತೆಯನ್ನು ವಹಿಸಿಕೊಂಡಾಗಿನಿಂದ ಈ ಮಾತಿಗೆ ಇನ್ನಷ್ಟು ಬಲ ಬಂದಿತು. ರಾಜ್ಯ ಸರಕಾರವು 2024ರಿಂದ 2029ರ ವರೆಗಿನ ಪ್ರವಾಸೋದ್ಯಮ ನೀತಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಬಂಡವಾಳ ಹೂಡುವವರಿಗೆ ಕೊಡುವ ರಿಯಾಯಿತಿಗಳು ಸಾಕಷ್ಟಿವೆ. ಮಾತು ಇಷ್ಟು ದೊಡ್ಡದಾಗಿರುವಾಗ ಸಮಾಜವಾದಿಗಳು ಬಾಯಿ ಮುಚ್ಚಿಕೊಂಡು ಕೂಡ್ರುವದು ತರವಲ್ಲ. ಈ ಉದ್ಯಮ ಯಾರದು, ಯಾರಿಗಾಗಿ, ಯಾರ ನೆಲದ ಮೇಲೆ, ಇದರ ರೊಕ್ಕ ಕಡೆಗೆ ಯಾರ ಕಿಸೆಗೆ ಸೇರುವದು ಎಂಬ ಪ್ರಶ್ನೆಗಳನ್ನು ಕಟ್ಟಡ ಏಳುವ ಮೊದಲೇ ಕೇಳಬೇಕಾಗಿದೆ.

ನಮ್ಮ ಪಕ್ಷದ ಕೆಲವು ಗೆಳೆಯರು ಈ ವಿಷಯ ಎತ್ತಿದೊಡನೆ ಮುಖ ತಿರುವುತ್ತಾರೆ. “ನೀರು, ನೆಲ, ಕೂಲಿ ಇವನ್ನು ಬಿಟ್ಟು ಉಳ್ಳವರ ಸುತ್ತಾಟದ ಚಟ ನಮಗೇಕೆ?” ಎನ್ನುತ್ತಾರೆ. ಈ ತಿರಸ್ಕಾರ ಸರಿಯಲ್ಲ. ದುಡಿಯುವ ಮನುಷ್ಯನಿಗೆ ಊಟ, ಬಟ್ಟೆ, ಸೂರು ಎಷ್ಟು ಹಕ್ಕಿನ ವಸ್ತುಗಳೋ, ವರುಷಕ್ಕೆ ನಾಲ್ಕು ದಿನ ತನ್ನ ನಾಡನ್ನು ಕಣ್ತುಂಬ ನೋಡುವದೂ ಅಷ್ಟೇ ಹಕ್ಕಿನದು. ನಮ್ಮ ಜನ ಎಂದೂ ಊರು ಬಿಟ್ಟು ಕದಲದವರೇನೂ ಅಲ್ಲ. ಎಲ್ಲಮ್ಮನ ಗುಡ್ಡಕ್ಕೆ, ಉಳವಿಗೆ ಚಕ್ಕಡಿ ಹೂಡಿಕೊಂಡು ಹೋಗುವವರು ನಾವು; ಯುಗಾದಿಯ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುವವರು ನಾವು; ದಿಂಡಿಯೊಡನೆ ಪಂಢರಪುರದ ದಾರಿ ಹಿಡಿಯುವವರು ನಾವು. ಹತ್ತೋ ಹದಿನೈದೋ ಮಂದಿಯ ಗುಂಪು, ಹೆಗಲ ಮೇಲೊಂದು ಗಂಟು, ದಾರಿಯಲ್ಲಿ ಸಿಕ್ಕ ಊರಿನ ಗುಡಿಯ ಕಟ್ಟೆಯ ಮೇಲೆ ಮಲಗುವದು, ಆ ಊರಿನವರು ಹಾಕಿದ ಅಂಬಲಿ ಉಂಡು ಅವರ ಸುಖದುಃಖ ಕೇಳಿ ಮುಂದೆ ಸಾಗುವದು. ಇಂದು ಪರದೇಶದ ಪಂಡಿತರು ‘ಹೊಣೆಯರಿತ ಪ್ರವಾಸ’, ‘ಸಣ್ಣ ತಂಡದ ಪ್ರವಾಸ’ ಎಂದು ದೊಡ್ಡ ಹೆಸರಿಟ್ಟು ಹೇಳುವದನ್ನು ನಮ್ಮ ಅಜ್ಜ ಮುತ್ತಜ್ಜರು ಹೆಸರಿಲ್ಲದೆ ಮಾಡಿಕೊಂಡು ಬಂದಿದ್ದರು. ಆ ಪಂಕ್ತಿಗಳಲ್ಲಿ ಜಾತಿಯ ಗೆರೆ ಇತ್ತೆಂಬುದನ್ನು ಮರೆಯಬೇಕಾಗಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಖರ್ಚು ತಪ್ಪಿತು. ಅದರ ಮರುದಿನದಿಂದಲೇ ಧರ್ಮಸ್ಥಳದ ಬಸ್ಸುಗಳಲ್ಲಿ ಕಾಲಿಡಲು ಸ್ಥಳವಿರಲಿಲ್ಲವೆಂದು ಕೆಲವು ಪತ್ರಿಕೆಗಳು ಹಾಸ್ಯ ಮಾಡಿದವು. ಹಾಸ್ಯ ಮಾಡಿದವರು ಒಂದನ್ನು ಯೋಚಿಸಲಿಲ್ಲ. ಹೊಲದ ಬದುವಿನಿಂದ ಒಲೆಯ ಮುಂದಕ್ಕೆ, ಒಲೆಯ ಮುಂದಿನಿಂದ ಹೊಲದ ಬದುವಿಗೆ ನಡೆದು ಆಯುಷ್ಯ ಸವೆಸಿದ ಹೆಣ್ಣುಮಗಳು ಮೊದಲ ಸಲ ಬಸ್ಸಿನ ಕಿಟಕಿಯ ಬದಿಗೆ ಕುಳಿತು ಹೊರಗೆ ನೋಡಿದ್ದಳು. ನಾಡನ್ನು ನೋಡುವ ಹಸಿವು ಬಡವರಿಗೂ ಇದೆ. ಇಷ್ಟು ದಿನ ಇಲ್ಲದೆ ಇದ್ದದ್ದು ದಾರಿಯ ಖರ್ಚು.

ಆದರೆ ನಮ್ಮ ಜಿಲ್ಲೆಯ ದುಡಿಯುವ ಮಂದಿ ಇಂದು ಪ್ರವಾಸೋದ್ಯಮದ ಮುಖವನ್ನು ನೋಡುವದು ಎಲ್ಲಿ? ಗೋವೆಯಲ್ಲಿ. ಶಿರಹಟ್ಟಿ, ಮುಂಡರಗಿ ಸೀಮೆಯ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಹೋಗುವವರು ಗೋವೆಯ ಕಡಲು ನೋಡಲು ಹೋಗುವದಿಲ್ಲ. ಕಡಲನ್ನು ನೋಡುತ್ತ ಮಲಗುವವರಿಗಾಗಿ ಹೋಟೆಲು ಕಟ್ಟಲು, ಕಲ್ಲು ಹೊರಲು, ಕಾಂಕ್ರೀಟು ಕಲಸಲು ಹೋಗುತ್ತಾರೆ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಗುಡಿಸಲುಗಳನ್ನು ಕೆಡವಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಕಟ್ಟುವಾಗ ಬೇಕಾದವರು, ಕಟ್ಟಿ ಮುಗಿದ ಮೇಲೆ ಬೇಡವಾದವರು. ಅಂಥ ಉದ್ಯಮವನ್ನೇ ಕಪ್ಪತಗುಡ್ಡದ ಬುಡಕ್ಕೂ ತಂದು ಕೂಡ್ರಿಸುವದಾದರೆ ನಮ್ಮ ಕೂಲಿಕಾರನಿಗೆ ಗೋವೆಯ ಬಸ್ ಚಾರ್ಜು ಉಳಿದೀತು, ಅಷ್ಟೇ. ಅವನ ಸ್ಥಿತಿ ಬದಲಾಗದು.

ದೂರದ ಗೋವೆ ಏಕೆ? ನೆರೆಯ ತುಂಗಭದ್ರೆಯ ನಡುವೆಯೇ ಒಂದು ಪಾಠವಿದೆ. ಹಂಪಿಯ ಎದುರಿಗೆ, ಗಂಗಾವತಿ ತಾಲೂಕಿನಲ್ಲಿ ವಿರುಪಾಪುರ ಗಡ್ಡೆ ಎಂಬ ನಡುಗಡ್ಡೆಯಿದೆ. ಬತ್ತ ಬೆಳೆಯುವ ಆ ಗಡ್ಡೆಯ ಮೇಲೆ ಪರದೇಶದ ಪ್ರವಾಸಿಗರನ್ನು ನಂಬಿ ಒಂದರ ಬೆನ್ನಿಗೆ ಒಂದು ರೆಸಾರ್ಟು ಎದ್ದವು. ಸಂರಕ್ಷಿತ ಸೀಮೆಯಲ್ಲಿ ಅವು ಕಾಯಿದೆಗೆ ವಿರುದ್ಧವೆಂಬ ವ್ಯಾಜ್ಯ ವರುಷಗಟ್ಟಲೆ ನಡೆಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮಾರ್ಚಿನಲ್ಲಿ ಜೆಸಿಬಿಗಳು ಬಂದು ಎಲ್ಲವನ್ನೂ ಕೆಡವಿದವು. ಇತ್ತ ಹಂಪಿಯ ದಂಡೆಯಲ್ಲಿ 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷನ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಎತ್ತಿಸಿದ್ದರು. ಸ್ಮಾರಕ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೆನಪಿಡಬೇಕಾದ ಸಂಗತಿ ಇದು: ಮೊದಲು ಯಾರ ಹಂಗೂ ಇಲ್ಲದೆ ಬೆಳೆಯಲು ಬಿಟ್ಟು, ಬೆಳೆದ ಮೇಲೆ ಕೊಡಲಿ ಹಾಕಿದರೆ ಮುರಿದು ಬೀಳುವದು ಸಣ್ಣವನ ಬದುಕು. ಬಂಡವಾಳ ಹಾಕಿದವನು ಇನ್ನೊಂದು ಊರಿಗೆ ಹೋಗಿ ಇನ್ನೊಂದು ರೆಸಾರ್ಟು ತೆರೆದಾನು. ಅಲ್ಲಿ ಚಹಾ ಮಾರುತ್ತಿದ್ದವನು, ಹರಿಗೋಲು ಹಾಕುತ್ತಿದ್ದವನು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಕ್ರಿಕೆಟ್ಟಿನ ಕಾರಣದಿಂದ ವೆಸ್ಟ್ ಇಂಡೀಜಿನ ಹೆಸರು ನಮ್ಮ ಓಣಿಯ ಹುಡುಗರಿಗೂ ಗೊತ್ತು. ಅಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಡೊಮಿನಿಕಾ ಎಂಬ ಪುಟ್ಟ ದ್ವೀಪವೊಂದಿದೆ. ಡೊಮಿನಿಕನ್ ಗಣರಾಜ್ಯ ಬೇರೆ, ಇದು ಬೇರೆ. ಸುಮಾರು 750 ಚದರ ಕಿಲೋಮೀಟರು ನೆಲ, ಗದಗ-ಬೆಟಗೇರಿ ನಗರಕ್ಕಿಂತಲೂ ಕಡಿಮೆ ಜನ. 1978ರಲ್ಲಿ ಬ್ರಿಟಿಷರಿಂದ ಬಿಡುಗಡೆ ಹೊಂದಿದ ದೇಶ. ಗುಡ್ಡ, ಕಾಡು, ಹೊಳೆಗಳ ಆ ದ್ವೀಪದ ಸಣ್ಣ ಒಕ್ಕಲಿಗರು ಬಾಳೆ ಬೆಳೆದು ಬ್ರಿಟನ್ನಿಗೆ ಕಳಿಸಿ ಬದುಕುತ್ತಿದ್ದರು. ಹಳೆಯ ವಸಾಹತುಗಳ ಬಾಳೆಗೆ ಯುರೋಪಿನವರು ಕೊಡುತ್ತಿದ್ದ ರಿಯಾಯಿತಿಯ ವಿರುದ್ಧ ಅಮೆರಿಕವೂ ಕೆಲವು ಲ್ಯಾಟಿನ್ ಅಮೆರಿಕದ ದೇಶಗಳೂ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ತಕರಾರು ಹೂಡಿದವು; 1997ರಲ್ಲಿ ತೀರ್ಪು ಯುರೋಪಿನ ವಿರುದ್ಧ ಆಯಿತು. ದೊಡ್ಡ ಕಂಪನಿಗಳ ತೋಟದ ಅಗ್ಗದ ಬಾಳೆಯ ಎದುರಿಗೆ ಗುಡ್ಡದ ಇಳಿಜಾರಿನ ಸಣ್ಣ ರೈತ ನಿಲ್ಲಲಾರದೆ ಹೋದ. ನಮ್ಮ ಉಳ್ಳಾಗಡ್ಡಿಯ, ಶೇಂಗಾದ, ಮೆಣಸಿನಕಾಯಿಯ ರೈತನಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಬೆಲೆಯನ್ನು ಬೆಳೆದವನು ಕಟ್ಟುವದಿಲ್ಲ. ಅದು ಇಲ್ಲಿಯೂ ಅಷ್ಟೇ, ಅಲ್ಲಿಯೂ ಅಷ್ಟೇ.

ಬಾಳೆ ಬಿದ್ದ ಮೇಲೆ ಡೊಮಿನಿಕಾ ಪ್ರವಾಸಿಗರ ಕಡೆಗೆ ಹೆಚ್ಚು ಹೆಚ್ಚಾಗಿ ನೋಡಬೇಕಾಯಿತು. ಅಲ್ಲಿ ಎರಡು ದಾರಿಗಳು ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಒಂದು, ಹಡಗಿನ ದಾರಿ. ಸಾವಿರಾರು ಮಂದಿಯನ್ನು ತುಂಬಿಕೊಂಡ ವಿಹಾರದ ಹಡಗು ಬೆಳಿಗ್ಗೆ ರೊಸೊ ಪಟ್ಟಣದ ಧಕ್ಕೆಗೆ ಬರುತ್ತದೆ, ಸಂಜೆಗೆ ಹೊರಟು ಹೋಗುತ್ತದೆ. ಊಟವೂ ಹಡಗಿನಲ್ಲಿಯೇ, ನಿದ್ದೆಯೂ ಹಡಗಿನಲ್ಲಿಯೇ. ಊರಿಗೆ ಉಳಿಯುವದು ಗದ್ದಲ ಮತ್ತು ಒಂದಿಷ್ಟು ಚಿಲ್ಲರೆ. ಇನ್ನೊಂದು, ಕಾಲುನಡಿಗೆಯ ದಾರಿ. ದ್ವೀಪದ ದಕ್ಷಿಣದಿಂದ ಉತ್ತರಕ್ಕೆ ಹಳ್ಳಿಗಳನ್ನೂ ಕಾಡುಗಳನ್ನೂ ಹಾಯ್ದು ಹೋಗುವ ಸುಮಾರು 185 ಕಿಲೋಮೀಟರಿನ ವೈಟುಕುಬುಲಿ ಕಾಲುದಾರಿಯನ್ನು 2011ರಲ್ಲಿ ತೆರೆದರು. ಹದಿನಾಲ್ಕು ತುಂಡುಗಳ ಈ ದಾರಿಯನ್ನು ನಡೆಯುವವರು ನಾಲ್ಕಾರು ಮಂದಿಯ ಗುಂಪಾಗಿ ಬರುತ್ತಾರೆ. ಒಂದೊಂದು ಹಳ್ಳಿಯಲ್ಲಿ ಉಳಿಯಬೇಕು, ಉಣ್ಣಬೇಕು, ಅಲ್ಲಿಯವರನ್ನೇ ದಾರಿಗಾರರನ್ನಾಗಿ ಕರೆದುಕೊಳ್ಳಬೇಕು. ಆ ದಾರಿಯ ಮೇಲೆಯೇ ದ್ವೀಪದ ಮೂಲನಿವಾಸಿಗಳಾದ ಕಲಿನಾಗೊ ಜನರ ಸೀಮೆಯಿದೆ. 1903ರಲ್ಲಿ ಅವರಿಗೆಂದು ಬಿಟ್ಟ 3,700 ಎಕರೆ ನೆಲ ಇಂದಿಗೂ ಇಡೀ ಸಮುದಾಯದ ಸೊತ್ತು. ಒಬ್ಬನು ಇನ್ನೊಬ್ಬನಿಗೆ ಮಾರಲಾರ. ಆದುದರಿಂದ ಹೊರಗಿನ ಹೋಟೆಲುಗಾರನು ರೊಕ್ಕದ ಚೀಲ ಹಿಡಿದು ಬಂದರೂ ನೆಲ ಕೊಳ್ಳುವಂತಿಲ್ಲ. ಬಂದವರಿಗೆ ತಮ್ಮ ಬಾಳನ್ನು ತಾವೇ ತೋರಿಸುತ್ತಾರೆ, ತಾವೇ ಹೆಣೆದ ಬುಟ್ಟಿ ಮಾರುತ್ತಾರೆ. ಅದೇ ಸಮುದಾಯದ ಹೆಣ್ಣುಮಗಳೊಬ್ಬಳು, ಸಿಲ್ವಾನಿ ಬರ್ಟನ್, 2023ರಲ್ಲಿ ಆ ದೇಶದ ಅಧ್ಯಕ್ಷೆಯಾದಳು.

ಅದೇ ಸಮುದ್ರದ ಜಮೈಕಾದಲ್ಲಿ ಕಥೆ ಬೇರೆ. ವಸಾಹತು ಕಾಲದ, 1956ರ ಕಡಲತೀರ ಕಾಯಿದೆಯು ತೀರವನ್ನು ಸರಕಾರದ ಸ್ವಾಧೀನಕ್ಕೆ ಕೊಟ್ಟಿತು. ಸಾಮಾನ್ಯ ಜನರಿಗೆ ಅಲ್ಲಿ ಹೋಗುವ, ಮೀಯುವ ಹಕ್ಕನ್ನು ಕೊಡಲಿಲ್ಲ. ತೀರದ ತುಂಡು ತುಂಡುಗಳು ಹೋಟೆಲುಗಳ ಬೇಲಿಯೊಳಗೆ ಸೇರಿದವು. ಸಮುದ್ರದ ನಡುವೆ ಹುಟ್ಟಿದವನಿಗೆ ಸಮುದ್ರಕ್ಕೆ ಇಳಿಯಲು ದಾರಿ ಇಲ್ಲದಂತಾದೀತೆಂದು ಅಲ್ಲಿಯ ಜನ ಕೋರ್ಟಿನ ಕಟ್ಟೆ ಏರಿದ್ದಾರೆ. ಎರಡೂ ದ್ವೀಪಗಳಿಗೆ ಪ್ರವಾಸಿಗರು ಬರುತ್ತಾರೆ. ನೆಲದ ಹಕ್ಕು ಯಾರಲ್ಲಿ ಉಳಿಯಿತು ಎಂಬಲ್ಲಿ ಅಂತರ ಬಿದ್ದಿತು.

ಇನ್ನು ನಮ್ಮ ಕಡೆಗೆ ಬರೋಣ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಕಡೆಗಳ ಸಂಪತ್ತನ್ನು ಒಮ್ಮೆ ಲೆಕ್ಕ ಹಾಕಿ ನೋಡಿರಿ. ಗದಗಿನಲ್ಲಿ ಕುಮಾರವ್ಯಾಸನ ವೀರನಾರಾಯಣ, ತ್ರಿಕೂಟೇಶ್ವರ. ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ. ಬೆಟಗೇರಿಯಲ್ಲಿ ವೀರಗಲ್ಲುಗಳು, ಮಗ್ಗದ ಸದ್ದಿನ ಓಣಿಗಳು. 12 ಕಿಲೋಮೀಟರು ಆಚೆಗೆ ಲಕ್ಕುಂಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ಮೆಟ್ಟಿಲು ಬಾವಿಗಳು. ಲಕ್ಷ್ಮೇಶ್ವರವು ಹಳೆಯ ಪುಲಿಗೆರೆ. ತಿರುಳುಗನ್ನಡದ ನಾಡೆಂದು ಪಂಪನ ಕಾಲಕ್ಕೇ ಹೆಸರಾದದ್ದು. ಅಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಕಾಲದಲ್ಲಿ ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿ ಒಂದೇ ಊರಿನಲ್ಲಿ ನಿಂತಿವೆ. ಶಿರಹಟ್ಟಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ತಲೆಬಾಗುವ ಫಕೀರೇಶ್ವರ ಮಠ. ಮುಂಡರಗಿ ತಾಲೂಕಿನ ಡಂಬಳದಲ್ಲಿ ಇಪ್ಪತ್ತನಾಲ್ಕು ಕೋನಗಳ ನಕ್ಷತ್ರದಂತೆ ಕಟ್ಟಿದ ದೊಡ್ಡಬಸಪ್ಪನ ಗುಡಿ. ಅದೇ ಊರಿನ 1095ರ ಶಾಸನದಲ್ಲಿ ಬೌದ್ಧ ವಿಹಾರದ, ತಾರಾದೇವಿಯ ಮಾತಿದೆ. 1858ರಲ್ಲಿ ಇಂಗ್ರೇಜರ ವಿರುದ್ಧ ಕತ್ತಿ ಹಿರಿದ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರ ಸೀಮೆ ಇದು.

ಇವೆಲ್ಲವನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆಂದು ಐವತ್ತು ಮಂದಿಯ ಬಸ್ಸುಗಳನ್ನು ಓಡಿಸುವದುಂಟು. ಮಾಸ್ತರಿಕೆಯ ದಿನಗಳಲ್ಲಿ ಶಾಲೆಯ ಮಕ್ಕಳನ್ನು ಹಾಗೆ ಕರೆದೊಯ್ದ ಅನುಭವ ಈ ಲೇಖಕನಿಗೂ ಇದೆ, ನನ್ನಂಥ ಸಾವಿರ ಮಾಸ್ತರರಿಗೂ ಇದೆ. ಮಾಸ್ತರನ ಇಡೀ ದಿನ ತಲೆ ಎಣಿಸುವದರಲ್ಲಿ ಹೋಗುತ್ತದೆ. ಮಕ್ಕಳು ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ನಿದ್ದೆ ಹೋಗುತ್ತಾರೆ. ಮರುದಿನ “ಏನು ನೋಡಿದಿರಿ?” ಎಂದರೆ ಐಸ್‌ಕ್ರೀಮಿನ ಗಾಡಿಯ ಹೆಸರು ಹೇಳುತ್ತಾರೆ. ಹನ್ನೆರಡು ಮಕ್ಕಳನ್ನು ಒಂದೇ ಗುಡಿಯ ಮುಂದೆ ಅರ್ಧ ದಿನ ಕೂಡ್ರಿಸಿ, ಈ ಕಲ್ಲನ್ನು ಯಾವ ಕಣಿಯಿಂದ ತಂದರು, ಯಾರು ಕಡೆದರು, ಅವರಿಗೆ ಕೂಲಿ ಏನು ಸಿಕ್ಕೀತು ಎಂದು ಕೇಳಿದರೆ ಅವರು ಇತಿಹಾಸವನ್ನು ಮರೆಯುವದಿಲ್ಲ. ದೊಡ್ಡವರ ವಿಷಯದಲ್ಲಿಯೂ ಇದೇ ಮಾತು ನಿಜ.

ಮಾಗಡಿಯ ಕೆರೆಯನ್ನು ತೆಗೆದುಕೊಳ್ಳಿರಿ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ. 2024ರ ಜನೇವರಿ ಕೊನೆಗೆ ಈ ಕೆರೆ ರಾಮ್‌ಸಾರ್ ಪಟ್ಟಿಯಲ್ಲಿ ಸೇರಿತು. ಎಂದರೆ ಜಗತ್ತೇ ಕಾಪಾಡಬೇಕಾದ ನೀರಿನ ತಾಣವೆಂದು ಗುರುತಾಯಿತು. ಸಂತೋಷ. ಆದರೆ ಆ ಹಕ್ಕಿಗಳು ಕೆರೆಯ ನೀರನ್ನಷ್ಟೇ ಕುಡಿದು ಬದುಕುವದಿಲ್ಲ. ಸುತ್ತಲಿನ ಹೊಲಗಳಿಗೆ ಹೋಗಿ ಶೇಂಗಾ, ಕಾಳುಕಡಿ ಮೇಯುತ್ತವೆ. ಪರದೇಶದ ಅತಿಥಿಗೆ ಊಟ ಹಾಕುತ್ತಿರುವವನು ಮಾಗಡಿಯ ಒಕ್ಕಲಿಗ. ಫೋಟೋ ತೆಗೆಯಲು ಕಾರಿನಲ್ಲಿ ಬಂದವನು ಹಕ್ಕಿಯನ್ನು ನೋಡಿ ಹೋಗುತ್ತಾನೆ, ಹಕ್ಕಿಯ ಊಟದ ಬಿಲ್ಲನ್ನು ಯಾರು ಕೊಟ್ಟರೆಂದು ಕೇಳುವದಿಲ್ಲ. ಕೆರೆಗೆ ಬರುವ ಪ್ರತಿಯೊಬ್ಬನಿಂದ ತೆಗೆದುಕೊಳ್ಳುವ ಶುಲ್ಕದ ಮೊದಲ ಪಾಲು ಬೆಳೆ ಕಳೆದುಕೊಂಡ ರೈತನಿಗೆ ಸೇರಬೇಕು. ದಂಡೆಗೆ ಒಂದು ಹೊತ್ತಿಗೆ ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಬಿಡಬಾರದು. ಗದ್ದಲಕ್ಕೆ ಬೆದರಿ ಹಕ್ಕಿ ಎದ್ದು ಹೋದರೆ ಬಂದವರಿಗೆ ನೋಡಲು ಉಳಿಯುವದೇನು?

ಕಪ್ಪತಗುಡ್ಡದ ಮಾತಂತೂ ಇನ್ನೂ ಗಂಭೀರ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಈ ಔಷಧಿ ಸಸ್ಯಗಳ ಗುಡ್ಡವನ್ನು ಸರಕಾರ ತಾನಾಗಿ ಉಳಿಸಿಕೊಡಲಿಲ್ಲ. 2011ರಲ್ಲಿ ಹಳ್ಳಿಗುಡಿಯ ಸುತ್ತಿನ ಎರೆಭೂಮಿಯನ್ನು ಪೋಸ್ಕೋ ಕಂಪನಿಯ ಉಕ್ಕಿನ ಕಾರಖಾನೆಗೆ ಕೊಡಹೊರಟಾಗ ರೈತರು ಎದ್ದು ನಿಂತರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾಳಾದರು. ಸರಕಾರ ಹಿಂದೆ ಸರಿಯಿತು. 2015ರಲ್ಲಿ ಗುಡ್ಡಕ್ಕೆ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟವನ್ನು 2016ರಲ್ಲಿ ಸರಕಾರವೇ ಹಿಂತೆಗೆದುಕೊಂಡಿತು. ಗಣಿಗಾರರ ಕಣ್ಣು ಗುಡ್ಡದ ಚಿನ್ನದ ಮೇಲೆ ಇತ್ತೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಜನ ಮತ್ತೆ ಬೀದಿಗೆ ಇಳಿದರು, ಸ್ವಾಮಿಗಳು ಮತ್ತೆ ಧರಣಿಗೆ ಕುಳಿತರು, 2017ರಲ್ಲಿ ಪಟ್ಟ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು. ಜನರು ಹೋರಾಡಿ ಉಳಿಸಿದ ಗುಡ್ಡವಿದು. ಗಣಿಯ ಬಾಗಿಲಿನಿಂದ ಬರಲಾರದವರು ರೆಸಾರ್ಟಿನ ಬಾಗಿಲಿನಿಂದ ಬರದಂತೆ ನೋಡಿಕೊಳ್ಳುವದೂ ಅದೇ ಜನರ ಕರ್ತವ್ಯ. ತಲೆತಲಾಂತರದಿಂದ ಗುಡ್ಡದ ಸೆರಗಿನಲ್ಲಿ ಕುರಿ ಮೇಯಿಸಿಕೊಂಡು ಬಂದವನಿಗೆ ಧಾಮದ ಹೆಸರಿನಲ್ಲಿ ಕಟ್ಟುನಿಟ್ಟು, ಜೀಪಿನಲ್ಲಿ ಬಂದವನಿಗೆ ಸ್ವಾಗತ ಎಂಬ ನ್ಯಾಯವನ್ನು ನಾವು ಒಪ್ಪಲಾರೆವು. ಗುಡ್ಡದ ದಾರಿ, ಒರತೆ, ಗಿಡಮೂಲಿಕೆ ಬಲ್ಲವನು ಆ ಕುರಿಗಾರನೇ. ನಡೆಯುವ ತಂಡಗಳಿಗೆ ದಾರಿಗಾರನಾಗುವ ಮೊದಲ ಹಕ್ಕು ಅವನದಾಗಬೇಕು. ಪಟ್ಟಣದಿಂದ ಸಮವಸ್ತ್ರ ತೊಡಿಸಿ ತಂದವನದಲ್ಲ.

ಹಾಗಾದರೆ ಸಮಾಜವಾದಿಗಳು ಬೇಡುವ ವ್ಯವಸ್ಥೆ ಯಾವದು? ಉತ್ತರ ನಮ್ಮ ಮಣ್ಣಿನಲ್ಲಿಯೇ ಇದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಈ ದೇಶದ ಸಹಕಾರಿ ಚಳುವಳಿಯ ತವರುಮನೆ ಅದು. ಸಾವಕಾರನ ಬಡ್ಡಿಗೆ ಎದುರಾಗಿ ಒಂದು ಹಳ್ಳಿ ಕಟ್ಟಿಕೊಂಡ ಆ ಉಪಾಯ ಪ್ರವಾಸದ ವ್ಯವಹಾರಕ್ಕೂ ಒಗ್ಗುತ್ತದೆ. ಲಕ್ಕುಂಡಿ, ಡಂಬಳ, ಮಾಗಡಿ, ಡೋಣಿ, ಲಕ್ಷ್ಮೇಶ್ವರ ಇಂಥ ಪ್ರತಿಯೊಂದು ಊರಿಗೆ ಒಂದೊಂದು ಪ್ರವಾಸಿ ಸಹಕಾರಿ ಸಂಘ ಆಗಬೇಕು. ಬರುವವರ ಹೆಸರು ನೋಂದಿಸುವದು, ತಂಡವನ್ನು ಹನ್ನೆರಡಕ್ಕೆ ಮೀರದಂತೆ ಕಟ್ಟುವದು, ಉಳಿಯುವ ಮನೆಗಳನ್ನು ಪಾಳಿಯ ಪ್ರಕಾರ ಹಂಚುವದು, ದಾರಿಗಾರನಿಗೆ ಗೊತ್ತುಪಡಿಸಿದ ಕೂಲಿ ಕೊಡುವದು, ಉಳಿದ ಲಾಭದಲ್ಲಿ ಊರಿನ ಕೆರೆ, ಶಾಲೆ, ಶೌಚಾಲಯ ನೋಡಿಕೊಳ್ಳುವದು ಇವೆಲ್ಲ ಸಂಘದ ಕೆಲಸ. ವರುಷಕ್ಕೊಮ್ಮೆ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಬೇಕು.

ಇದು ಕನಸಿನ ಮಾತೆಂದು ನಗುವವರು ಕೇರಳದ ಕುಮರಕಂ ಎಂಬ ಊರನ್ನು ನೋಡಿ ಬರಲಿ. ಅಲ್ಲಿ ಹಿನ್ನೀರಿನ ದಂಡೆಯ ಹೋಟೆಲುಗಳಿಂದ ಊರಿಗೇನೂ ದಕ್ಕದೆಂದು ಜನ ಮುನಿದಿದ್ದರು. 2008ರಲ್ಲಿ ಹೊಣೆಯರಿತ ಪ್ರವಾಸದ ಪ್ರಯೋಗವನ್ನು ಸರಕಾರ ಅಲ್ಲಿ ಆರಂಭಿಸಿತು. ಪಂಚಾಯತಿಯೂ ಕುಟುಂಬಶ್ರೀಯ ಹೆಣ್ಣುಮಕ್ಕಳ ಗುಂಪುಗಳೂ ಸೇರಿ ತರಕಾರಿ ಬೆಳೆದು ಹೋಟೆಲುಗಳಿಗೆ ಕೊಡತೊಡಗಿದರು. ಹಾಳುಬಿದ್ದ ಹೊಲಗಳು ಮತ್ತೆ ಹಸಿರಾದವು. ಕೇರಳದ ಹೆಣ್ಣುಮಕ್ಕಳಿಂದ ಆದದ್ದು ನಮ್ಮ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳಿಂದ ಆಗದೇನು? ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡುವದನ್ನು ಅವರಿಗೆ ಯಾವ ತರಬೇತಿ ಕೇಂದ್ರವೂ ಕಲಿಸಬೇಕಾಗಿಲ್ಲ. ಒಂದು ಶರತ್ತು ಮಾತ್ರ: ರೊಟ್ಟಿ ಬಡಿದವಳ ರೊಕ್ಕ ಅವಳ ಹೆಸರಿನ ಖಾತೆಗೇ ಹೋಗಬೇಕು, ಗಂಡನ ಕಿಸೆಗಲ್ಲ.

ಈಗ ಜಾತಿಯ ಮಾತು. ಊರಿನ ಮನೆಗಳಲ್ಲಿ ಪ್ರವಾಸಿಗರನ್ನು ಇಳಿಸುತ್ತೇವೆ ಎಂದೊಡನೆ ಕೇಳಬೇಕಾದದ್ದು ಇದು: ಯಾರ ಮನೆಯಲ್ಲಿ? ಗೌಡರ ವಾಡೆ, ಶೆಟ್ಟರ ಮನೆ ಇವೇ ಅತಿಥಿಗೃಹಗಳಾಗಿ, ದಲಿತ ಕೇರಿಯ ಪಾಲಿಗೆ ಕಸಬರಿಗೆ, ತಾಂಡಾದ ಪಾಲಿಗೆ ಕುಣಿತ ಇಷ್ಟೇ ಉಳಿಯುವದಾದರೆ ಅಂಥ ಸಂಘ ನಮಗೆ ಬೇಡ. ಪಾಳಿಯ ಪಟ್ಟಿಯಲ್ಲಿ ಎಲ್ಲ ಓಣಿಗಳ ಮನೆಗಳೂ ಇರಬೇಕು. ಮನೆ ಸಣ್ಣದಿದ್ದರೆ ಒಂದು ಕೋಣೆ, ಒಂದು ಶೌಚಾಲಯ ಕಟ್ಟಿಕೊಳ್ಳಲು ಸಂಘವೇ ಸಾಲ ಕೊಡಬೇಕು. ಪಾಳಿಯ ಪ್ರಕಾರ ಬಂದ ಮನೆಯಲ್ಲಿ ಉಣ್ಣಲಾರೆನೆನ್ನುವ ಪ್ರವಾಸಿಗನಿಗೆ ಆ ಊರಿನಲ್ಲಿ ಸ್ಥಳವಿಲ್ಲವೆಂದು ನೋಂದಣಿಯ ಹೊತ್ತಿಗೇ ತಿಳಿಸಬೇಕು. ಹಾಗೆಯೇ, ಬಂದವನ ಜಾತಿ ಕೇಳಿ ಬಾಗಿಲು ಮುಚ್ಚುವ ಮನೆಗೆ ಪಟ್ಟಿಯಲ್ಲಿ ಹೆಸರಿರಬಾರದು. ಊರಿನ ಹೋಟೆಲಿನ ಬೆಂಚಿನ ಮೇಲೆ ಎಲ್ಲರೂ ಕೂಡ್ರುವಂತಾಗಲು ಎಷ್ಟು ಕಾಲ ಹಿಡಿಯಿತೆಂಬುದು ನಮಗೆ ಗೊತ್ತು. ಹೊಸ ಉದ್ಯಮ ಹಳೆಯ ಗೆರೆಯನ್ನು ಮತ್ತೆ ಎಳೆಯುವದನ್ನು ನೋಡುತ್ತ ಕೂಡ್ರಲಾಗದು.

ಸಣ್ಣ ತಂಡಗಳಿಂದ ಹೊಟ್ಟೆ ತುಂಬುವದೇ ಎಂದು ವ್ಯವಹಾರಸ್ಥರು ಕೇಳುತ್ತಾರೆ. ಲೆಕ್ಕಕ್ಕಾಗಿ ಹೀಗೆ ಹಿಡಿಯಿರಿ. ಐವತ್ತು ಮಂದಿಯ ಬಸ್ಸು ಡಂಬಳದಲ್ಲಿ ಅರ್ಧ ತಾಸು ನಿಲ್ಲುತ್ತದೆ. ಇಪ್ಪತ್ತು ಮಂದಿ ಇಪ್ಪತ್ತು ರೂಪಾಯಿಯ ಚಹಾ ಕುಡಿದರೆ ಊರಿಗೆ ಬಿದ್ದದ್ದು 400 ರೂಪಾಯಿ, ಜತೆಗೆ ಒಂದು ರಾಶಿ ಪ್ಲಾಸ್ಟಿಕ್ಕು. ಹನ್ನೆರಡು ಮಂದಿ ಎರಡು ರಾತ್ರಿ ಉಳಿದು, ಉಣ್ಣಲು ಮಲಗಲು ತಲಾ ದಿನಕ್ಕೆ 600 ರೂಪಾಯಿ ಕೊಟ್ಟರೆ 14,400 ರೂಪಾಯಿ ಆ ಊರಿನ ಮನೆಗಳಲ್ಲಿ ಹಂಚಿ ಹೋಗುತ್ತದೆ. ಬಂದವರ ತಲೆ ಎಣಿಸುವ ಇಲಾಖೆಯ ಪಟ್ಟಿಯಲ್ಲಿ ಐವತ್ತು ದೊಡ್ಡದು, ಹನ್ನೆರಡು ಸಣ್ಣದು. ಊರಿನ ಲೆಕ್ಕದಲ್ಲಿ ಹಾಗಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ತಂಡ ಸಣ್ಣದಾದರೆ ಖರ್ಚು ಹೆಚ್ಚಿ, ಕೊನೆಗೆ ಬೆಂಗಳೂರಿನ ಉಳ್ಳವರಷ್ಟೇ ಬಂದಾರಲ್ಲವೇ? ಬಂದಾರು. ಅದನ್ನು ತಡೆಯದಿದ್ದರೆ ಸಂಘವೂ ಉಳ್ಳವರ ಸೇವಕನಾದೀತು. ಆದುದರಿಂದ ವಾರದ ಕೆಲವು ದಿನಗಳನ್ನು ಕೂಲಿಕಾರರಿಗೆ, ನೇಕಾರರಿಗೆ, ಸರಕಾರಿ ಶಾಲೆಯ ಮಕ್ಕಳಿಗೆ ಕಡಿಮೆ ದರದಲ್ಲಿ ಕಾದಿರಿಸಬೇಕು. ಆ ಕೊರತೆಯನ್ನು ಪ್ರವಾಸೋದ್ಯಮ ಇಲಾಖೆ ತುಂಬಿಕೊಡಬೇಕು. ಹೋಟೆಲು ಕಟ್ಟುವವನಿಗೆ ರಿಯಾಯಿತಿ ಕೊಡಲು ಬೊಕ್ಕಸದಲ್ಲಿ ರೊಕ್ಕವಿದ್ದರೆ ಬೆಟಗೇರಿಯ ನೇಕಾರನ ಮಗಳು ಎರಡು ದಿನ ಕಪ್ಪತಗುಡ್ಡದಲ್ಲಿ ನಡೆದಾಡಲು ರೊಕ್ಕವಿಲ್ಲವೇ?

ಡಾ. ರಾಮಮನೋಹರ ಲೋಹಿಯಾ ಅವರು ಸಣ್ಣ ಯಂತ್ರದ ವಿಚಾರವನ್ನು ಹೇಳಿದಾಗ ಹಲವರು ಅದನ್ನು ಹಿಂದಕ್ಕೆ ಹೋಗುವ ಮಾತೆಂದರು. ಯಂತ್ರವು ದುಡಿಯುವವನ ಕೈಯಳತೆಯಲ್ಲಿದ್ದರೆ ಅವನು ಅದರ ಒಡೆಯನಾಗುತ್ತಾನೆ, ಮಿತಿಮೀರಿ ಬೆಳೆದರೆ ಅದರ ಆಳಾಗುತ್ತಾನೆ ಎಂಬುದು ಆ ವಿಚಾರದಿಂದ ನಾವು ಕಲಿತ ತಿರುಳು. ನಾಲ್ಕು ಕಂಬಗಳ ರಾಜ್ಯವೆಂದು ಅವರು ಹೇಳಿದ್ದರಲ್ಲಿ ಹಳ್ಳಿಯೂ ಜಿಲ್ಲೆಯೂ ದಿಲ್ಲಿಯಷ್ಟೇ ಮುಖ್ಯ ಕಂಬಗಳು. ಕಪ್ಪತಗುಡ್ಡಕ್ಕೆ ಎಷ್ಟು ಮಂದಿ ಬರಬೇಕು, ಮಾಗಡಿ ಕೆರೆಯ ದಂಡೆಯ ಮೇಲೆ ಏನು ಕಟ್ಟಬೇಕು ಎಂಬುದನ್ನು ಬೆಂಗಳೂರಿನ ಮೇಜಿನ ಮೇಲೆ ತೀರ್ಮಾನಿಸಿ ಇಲ್ಲಿಗೆ ಕಳಿಸುವ ಪದ್ಧತಿ ಆ ವಿಚಾರಕ್ಕೆ ನೇರ ವಿರುದ್ಧವಾದುದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಪ್ರವಾಸವು ಒಕ್ಕಲುತನದ ಬದಲಿಗೆ ಬರುವ ವಸ್ತುವಲ್ಲ. ನರಗುಂದದ ರೈತರು 2015ರಿಂದ ಮಹದಾಯಿಯ ನೀರಿಗಾಗಿ ಧರಣಿ ಕುಳಿತದ್ದು ಹೋಂಸ್ಟೇಗಾಗಿ ಅಲ್ಲ. ಡೊಮಿನಿಕಾದ ಮೇಲೆ 2017ರ ಸೆಪ್ಟೆಂಬರದಲ್ಲಿ ಮಾರಿಯಾ ಎಂಬ ಚಂಡಮಾರುತ ಎರಗಿ ಇಡೀ ದ್ವೀಪ ನೆಲಕಚ್ಚಿತು. 2020ರ ಕರೋನಾದಲ್ಲಿ ಜಗತ್ತಿನ ಹೋಟೆಲುಗಳೆಲ್ಲ ಬೀಗ ಹಾಕಿದವು. ಅತಿಥಿಯನ್ನೇ ನಂಬಿದ ಊರು ಅತಿಥಿ ಬಾರದ ವರುಷ ಉಪವಾಸ ಬೀಳುತ್ತದೆ. ಆದುದರಿಂದ ಹೊಲಕ್ಕೆ ನೀರು, ಬೆಳೆಗೆ ಬೆಲೆ, ಕೈಗೆ ಕೆಲಸ ಇವು ಮೊದಲು. ಪ್ರವಾಸ ಅದರ ಮೇಲಿನ ಗಳಿಕೆ. ರೊಟ್ಟಿಯ ಜತೆಗೆ ಚಟ್ನಿ ಇದ್ದಂತೆ.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಕಪ್ಪತಗುಡ್ಡದ ಸೆರಗಿನಲ್ಲಿಯೂ ಮಾಗಡಿ ಕೆರೆಯ ಸುತ್ತಲೂ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಯಾವ ಹೋಟೆಲಿಗೂ ಪರವಾನಗಿ ಕೊಡಬಾರದು. ಪ್ರವಾಸಿ ಸಹಕಾರಿ ಸಂಘಗಳಿಗೆ ಬಂಡವಾಳಗಾರನಿಗೆ ಸಿಗುವಷ್ಟೇ ರಿಯಾಯಿತಿ, ಸಾಲ ಸಿಗಬೇಕು. ದಾರಿಗಾರರನ್ನು ಆಯಾ ಊರುಗಳಿಂದಲೇ ಆರಿಸಿ ತರಬೇತಿ ಕೊಡಬೇಕು; ಕುರಿಗಾರರಿಗೆ, ಲಂಬಾಣಿಗಳಿಗೆ, ದಲಿತ ತರುಣ ತರುಣಿಯರಿಗೆ ಅದರಲ್ಲಿ ಪಾಲು ಗೊತ್ತುಪಡಿಸಬೇಕು. ಹಕ್ಕಿಗಳಿಂದ ಬೆಳೆ ಹಾನಿಯಾದ ರೈತನಿಗೆ ಪರಿಹಾರ ಸಿಗಬೇಕು. ಗದಗ ಬಸ್ ಸ್ಟ್ಯಾಂಡಿನಿಂದ ಈ ಊರುಗಳಿಗೆ ಬೆಳಿಗ್ಗೆ ಸಂಜೆ ಸಾಮಾನ್ಯ ಬಸ್ಸು ಹೆಚ್ಚಬೇಕು, ಕಾರಿಲ್ಲದವನೂ ಹೋಗಿ ಬರುವಂತಾಗಬೇಕು.

ಪ್ರತಿಯೊಂದು ಊರಿನ ನಮ್ಮ ಕಾರ್ಯಕರ್ತರು ಮುಂಬರುವ ಗ್ರಾಮಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಮಂಡಿಸಿ ಠರಾವು ಮಾಡಿಸಬೇಕು. ಠರಾವಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಇನ್ನೊಂದನ್ನು ಈ ಪತ್ರಿಕೆಗೂ ಕಳಿಸಬೇಕು. ಗುಡ್ಡವನ್ನು ಉಳಿಸಲು ಬೀದಿಗೆ ಇಳಿದ ಜನಕ್ಕೆ ಗುಡ್ಡದ ಗಳಿಕೆಯನ್ನು ಹಂಚಿಕೊಳ್ಳುವದಕ್ಕೆ ಸಂಘ ಕಟ್ಟುವದು ಕಷ್ಟವಾಗಲಾರದು. ಠರಾವು ಮೊದಲು ಆಗಲಿ. ಬೋರ್ಡು ಬರೆಯಿಸುವವರು ಆ ಮೇಲೆ ಬರಲಿ.